ಟೇಪಕ್ಕನ ತೋಳಿನ ಗಂಟು

"ಕತ್ತರಿ ಅನ್ನೋದು ನನ್ನ ಕೈಯಲ್ಲಿರಬೇಕೇ ಹೊರತು ನನ್ನ ಮೈಮೇಲೆ ಆಡಬಾರದು! ಇದೇ ನನ್ನ ಕೊನೇ ಮಾತು!" ಎಂದು ಟೇಪಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಘೋಷಿಸಿದಳು. ಕೇಳಿಸಿಕೊಳ್ಳಲು ಅಲ್ಲಿದ್ದವಳು ತಂಗಿಯೊಬ್ಬಳೇ. ಅವಳ ಲೆಕ್ಕದಲ್ಲಿ ಅದು ಆ ವಾರದ ನಾಲ್ಕನೆಯ ಕೊನೇ ಮಾತು.

ಟೇಪಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ನಲವತ್ತು ವರ್ಷದಿಂದ ಅಕ್ಕತಂಗಿಯರದು ಹೊಲಿಗೆಯಂಗಡಿ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಅಕ್ಕನ ಕೆಲಸ, ಮಿಷನ್ ತುಳಿಯುವುದು ತಂಗಿಯದು. ಅಳತೆ ಟೇಪು ಕೊರಳಲ್ಲಿಲ್ಲದೆ ಅಕ್ಕನನ್ನು ಕಂಡವರಿಲ್ಲ. ಆ ನಲವತ್ತು ವರ್ಷದಲ್ಲಿ ಅಳತೆ ತಪ್ಪಿತೆಂದು ಒಂದೇ ಒಂದು ಉಡುಪು ಅಂಗಡಿಗೆ ವಾಪಸು ಬಂದದ್ದಿಲ್ಲ. ಬೇರೆಯವರಿಗೆ ಹೊಲ, ಮನೆ, ಒಡವೆ ಇದ್ದಂತೆ ಟೇಪಕ್ಕನಿಗೆ ಇದ್ದದ್ದು ಇದೊಂದೇ ಹೆಸರು.

ಅಂಥವಳ ಎಡತೋಳಿನಲ್ಲಿ ನಿಂಬೆಹಣ್ಣಿನಷ್ಟು ಒಂದು ಗಂಟು ಬಂದು ಕೂತಿತ್ತು. ನೋವಿಲ್ಲ, ಬೇನೆಯಿಲ್ಲ, ಬಟ್ಟೆ ಹಿಡಿದು ಎಳೆಯುವಾಗ ಮಾತ್ರ ಅಡ್ಡ. ಸರ್ಜನ್ ಒತ್ತಿ, ಅಲುಗಾಡಿಸಿ, ಪರೀಕ್ಷೆ ಮಾಡಿಸಿ ಹೇಳಿದ್ದರು: "ಬರೀ ಕೊಬ್ಬಿನ ಗಂಟು. ಕೆಟ್ಟದ್ದೇನಲ್ಲ. ಇದ್ದರೂ ಇರಲಿ, ತೊಂದರೆ ಅನ್ನಿಸಿದರೆ ತೆಗೆದುಬಿಡೋಣ. ಕಾಲು ಗಂಟೆ ಕೆಲಸ."

"ಕಾಲು ಗಂಟೆಯಂತೆ!" ದಾರಿಯುದ್ದಕ್ಕೂ ಟೇಪಕ್ಕ ಗೊಣಗಿದಳು. "ಕತ್ತರಿ ಒಂದು ಕೂದಲೆಳೆ ಜಾರಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ವಾ?"

"ನಿನ್ನ ಕತ್ತರಿ ಜಾರಿದ್ರೆ ನಾನು ತೇಪೆ ಹಾಕ್ತೀನಿ ಅಕ್ಕ. ಅವರದ್ದು ಜಾರಿದ್ರೆ ಅವರೇ ಹಾಕ್ತಾರೆ. ಸುಮ್ನೆ ತೆಗೆಸ್ಕೋ."

ಟೇಪಕ್ಕ ಸುಮ್ಮನೆ ತೆಗೆಸಿಕೊಳ್ಳುವ ಹೆಂಗಸಲ್ಲ. ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ ಚೀನಾ ಪದ್ಧತಿಯ ವೈದ್ಯರೊಬ್ಬರಿದ್ದರು. ಸೂಜಿ ಡಾಕ್ಟರು ಎಂದೇ ಪ್ರಸಿದ್ಧಿ. ಅವರು ನಾಲಿಗೆ ಚಾಚಿಸಿ ನೋಡಿದರು, ನಾಡಿ ಹಿಡಿದರು, "ಕಫ ಗಡ್ಡೆಕಟ್ಟಿದೆ" ಎಂದರು.

"ಕರಗುತ್ತಾ ಡಾಕ್ಟ್ರೇ?"

"ಕರಗಿದ್ರೆ ನಿಮ್ಮ ಪುಣ್ಯ. ಕರಗೇ ಕರಗುತ್ತೆ ಅಂತ ನಾನು ಮಾತು ಕೊಡಲ್ಲ. ಇಂಥವು ಸಾಮಾನ್ಯವಾಗಿ ಕರಗೋದಿಲ್ಲ."

ಟೇಪಕ್ಕನ ಕಿವಿ 'ಪುಣ್ಯ' ಎಂಬಲ್ಲಿಗೆ ಬಾಗಿಲು ಹಾಕಿಕೊಂಡಿತ್ತು. ಡಾಕ್ಟರು ಹನ್ನೆರಡು ಸೂಜಿ ಚುಚ್ಚಿದರು. ಟೇಪಕ್ಕ ಒಂದೊಂದನ್ನೂ ಎಣಿಸಿಕೊಂಡಳು, ತೆಗೆಯುವಾಗಲೂ ಎಣಿಸಿಕೊಂಡಳು.

"ಬಲು ಸಪೂರ ಸೂಜಿ. ಇದಕ್ಕೆ ದಾರ ಹೇಗೆ ಪೋಣಿಸ್ತೀರಿ?"

"ಪೋಣಿಸಲ್ಲಮ್ಮ."

"ಮತ್ತೆ, ಬರೀ ಚುಚ್ಚೋದೇನಾ?" ಹೊಲಿಯದ ಸೂಜಿಯನ್ನು ಕಂಡು ಅವಳಿಗೆ ಮರುಕವಾಯಿತು.

ಜೊತೆಗೆ ಒಂದು ಪೊಟ್ಟಣ ಕೊಟ್ಟರು. ಅದರೊಳಗೆ ತೊಗಟೆ, ಬೇರು, ಒಣಗಿದ ಸಿಪ್ಪೆ, ಸಮುದ್ರದ ಪಾಚಿ, ಕುಟ್ಟಿದ ಚಿಪ್ಪು. ಮೂರು ಬಟ್ಟಲು ನೀರಿಗೆ ಹಾಕಿ ಒಂದು ಬಟ್ಟಲಿಗೆ ಇಳಿಸಬೇಕು. ಕಷಾಯ ಕುಡಿಯಬೇಕು, ತಳದಲ್ಲುಳಿದ ಬಿಸಿ ಗಸಿಯನ್ನು ಬಟ್ಟೆಯಲ್ಲಿ ಸುತ್ತಿ ಸಂಜೆ ಒಂದು ಗಂಟೆ ಹೊತ್ತು ಗಂಟಿನ ಮೇಲೆ ಕಟ್ಟಬೇಕು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಪಾತ್ರೆ ಕುದಿಯಿತು. ವಾಸನೆ ಬೀದಿಗಿಳಿಯಿತು.

"ಅಕ್ಕಾ, ಇದು ಔಷಧೀನಾ ಅಥವಾ ಯಾರದ್ದಾದ್ರೂ ಹಳೇ ಬೂಟು ಬೇಯಿಸ್ತಿದ್ದೀಯಾ?"

"ಮೂಗು ಮುಚ್ಕೊಂಡು ಮಿಷನ್ ತುಳಿ!"

"ಮೂಗು ಮುಚ್ಕೊಳ್ಳೋಕೆ ಕೈ ಬೇಕು, ಬಟ್ಟೆ ಹಿಡಿಯೋಕೂ ಕೈ ಬೇಕು. ದೇವರು ಎರಡೇ ಕೊಟ್ಟಿರೋದು."

ಗಸಿಯ ಪೊಟ್ಟಣ ತೋಳಿನ ಮೇಲೆ ನಿಲ್ಲಲಿಲ್ಲ. ಪಟ್ಟಿ ಕಟ್ಟಿದರೆ ಜಾರಿತು, ಪಿನ್ನು ಹಾಕಿದರೆ ಚುಚ್ಚಿತು. ಕೊನೆಗೆ ಟೇಪಕ್ಕ ಕೊರಳಲ್ಲಿದ್ದ ಬಟ್ಟೆಯ ಟೇಪನ್ನೇ ತೆಗೆದು, ಪೊಟ್ಟಣದ ಮೇಲೆ ಮೂರು ಸುತ್ತು ಸುತ್ತಿ, ಹಲ್ಲಿನಲ್ಲಿ ಒಂದು ತುದಿ ಕಚ್ಚಿ ಬಿಗಿಯಾಗಿ ಎಳೆದು ಗಂಟು ಹಾಕಿದಳು. ಅಲ್ಲಾಡಲಿಲ್ಲ! ಅಂದಿನಿಂದ ದಿನವೂ ಅದೇ ಕ್ರಮ. ಆಮೇಲೆ ಟೇಪನ್ನು ತೊಳೆದು, ಹಿಂಡಿ, ಗೂಟಕ್ಕೆ ನೇತುಹಾಕುವಳು. ಸುರುಟಿಕೊಳ್ಳದಿರಲೆಂದು ಕೆಳತುದಿಗೆ ದೊಡ್ಡ ಕತ್ತರಿಯನ್ನು ಕಟ್ಟುವಳು. ಅಚ್ಚುಕಟ್ಟು ಎಂದರೆ ಹಾಗಿರಬೇಕು.

ಬೆಳಗ್ಗೆ ಎದ್ದೊಡನೆ ಗಂಟಿನ ಮೇಲೆ ತೋಳಿನ ಸುತ್ತಳತೆ ತೆಗೆಯುವಳು. ಆರ್ಡರ್ ಪುಸ್ತಕದಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ 'ಗಂಟು' ಎಂದು ಬರೆದಿದ್ದಳು. ಮೊದಲ ದಿನ ಹದಿಮೂರು ಇಂಚು. ವಾರ ಕಳೆದಾಗ ಹನ್ನೆರಡೂ ಮುಕ್ಕಾಲು. ನಾಲ್ಕನೇ ವಾರಕ್ಕೆ ಹನ್ನೆರಡೂವರೆಗೂ ಒಂದು ಗೆರೆ ಕಡಿಮೆ!

"ನೋಡೇ! ಕಣ್ಣಿದ್ರೆ ನೋಡು!"

ತಂಗಿ ನೋಡಿದಳು. "ನನ್ನ ಕಣ್ಣಿಗೆ ಅಷ್ಟೇ ಇದೆಯಪ್ಪ."

"ನಿನ್ನ ಕಣ್ಣು ಸುಳ್ಳು ಹೇಳಬಹುದು, ಟೇಪು ಹೇಳುತ್ತಾ?"

ಆಗಲೇ ಹಾಡಿನ ತಂಡದವರು ಬಂದರು. ಎಂಟು ಹೆಂಗಸರು, ಎಂಟು ಕೋಟು, ಹದಿಮೂರು ದಿನಕ್ಕೆ ಕಾರ್ಯಕ್ರಮ. ಮುಂದಾಳು ನಿವೃತ್ತ ಹೆಡ್‌ಮಿಸ್ಸು. ಅವರ ಹಳೇ ಎದೆ ಸುತ್ತಳತೆ ಪುಸ್ತಕದಲ್ಲಿ ನಲವತ್ತೆರಡು ಎಂದಿತ್ತು. ಟೇಪು ನಲವತ್ತು ಎಂದಿತು.

"ಮಿಸ್ಸೇ, ಎರಡಿಂಚು ಇಳಿದುಬಿಟ್ಟಿದ್ದೀರಿ!"

"ನಾನಾ? ನಾನು ಊಟ ಬಿಟ್ಟಿಲ್ಲ, ಮೆಟ್ಟಿಲು ಹತ್ತಿಲ್ಲ. ಇನ್ನೊಂದ್ಸಲ ನೋಡ್ರೀ."

ಇನ್ನೊಂದು ಸಲವೂ ನಲವತ್ತೇ. ಉಳಿದ ಏಳು ಮಂದಿಯೂ ಒಂದೂವರೆ, ಎರಡು ಇಂಚು ಇಳಿದಿದ್ದರು! ಟೇಪಕ್ಕ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದಳು. ಕುದಿಯುತ್ತಿದ್ದ ಪಾತ್ರೆಯತ್ತ ಕಣ್ಣು ಹೋಯಿತು.

"ಗೊತ್ತಾಯ್ತು! ಹಬೆ! ಈ ಬೀದಿಯಲ್ಲಿ ಓಡಾಡೋರಿಗೆಲ್ಲ ಇದರ ಹಬೆ ತಾಗಿದೆ. ನನ್ನ ಗಂಟು ಕರಗಿಸೋ ಔಷಧಿಗೆ ನಿಮ್ಮ ಸೊಂಟ ಯಾವ ಲೆಕ್ಕ!"

ಮಾರನೆಯ ದಿನದಿಂದ ಸಂಜೆ ಆರಕ್ಕೆ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಮೂಗು ಮುಚ್ಚಿಕೊಂಡು ಓಡುತ್ತಿದ್ದವರು ಮೂಗು ಅರಳಿಸಿಕೊಂಡು ಬಂದು ಒಲೆಯ ಸುತ್ತ ಕೂತರು. ಕಣ್ಣಲ್ಲಿ ನೀರು, ಬಾಯಲ್ಲಿ ಕೆಮ್ಮು, ಮುಖದಲ್ಲಿ ಭರವಸೆ! ಸುದ್ದಿ ಕೇಳಿದ ಸೂಜಿ ಡಾಕ್ಟರು, "ಹಬೆಗೆ ಯಾರೂ ಸಣ್ಣಗಾಗಲ್ಲಮ್ಮ, ನಾನು ದಿನವಿಡೀ ಅದರಲ್ಲೇ ಇರ್ತೀನಿ, ನನ್ನ ಹೊಟ್ಟೆ ನೋಡಿ" ಎಂದು ತೋರಿಸಿದರು. ಟೇಪಕ್ಕ ನೋಡಲಿಲ್ಲ.

ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ಎಂಟು ಮಂದಿಯೂ ಕೋಟು ತೊಟ್ಟು ನೋಡಲು ಬಂದರು. ಹೆಡ್‌ಮಿಸ್ಸು ತೊಟ್ಟರು. ಗುಂಡಿಗೂ ಕಾಜಕ್ಕೂ ನಡುವೆ ಎರಡು ಬೆರಳು ಜಾಗ.

"ಉಸಿರು ಒಳಗೆ ಎಳ್ಕೊಳ್ಳಿ ಮಿಸ್ಸೇ."

ಎಳೆದುಕೊಂಡರು. ಗುಂಡಿ ಕಾಜಕ್ಕೆ ಸೇರಿತು.

"ಈಗ ಒಂದು ಸಾಲು ಹಾಡಿ ನೋಡೋಣ."

ಹಾಡಿದರು. ಗುಂಡಿ ಹಾರಿ ತಂಗಿಯ ಕನ್ನಡಕಕ್ಕೆ ಬಡಿಯಿತು!

"ಹತ್ತೇ ದಿನಕ್ಕೆ ಇಷ್ಟು ಊದಿಕೊಂಡ್ರೆ ನಾನೇನು ಮಾಡ್ಲಿ?" ಟೇಪಕ್ಕನ ದನಿ ಏರಿತು.

"ಹತ್ತು ದಿನದ ಹಿಂದೆ ಇಳಿದಿದ್ದೀರಿ ಅಂದೋರು ನೀವೇ! ಆ ಕೊಳಕು ಹಬೆ ಕುಡಿದು ಕುಡಿದು ನಮಗೆ ಗಂಟಲು ಕಟ್ಟಿದೆ, ಈಗ ಕೋಟೂ ಇಲ್ಲ. ಹೊದಿಕೆ ಹೊದ್ದು ಹಾಡ್ಬೇಕಾ?"

ಉಳಿದ ಏಳು ಕೋಟಿನದೂ ಅದೇ ಕತೆ. ಹೆಂಗಸರು ಕೋಟುಗಳನ್ನು ಮೇಜಿನ ಮೇಲೆ ಹಾಕಿ ಹೋದರು. ನಲವತ್ತು ವರ್ಷದಲ್ಲಿ ಮೊದಲ ಸಲ, ಅದೂ ಒಂದಲ್ಲ, ಎಂಟು ಉಡುಪು!

ಟೇಪಕ್ಕ ಸ್ಟೂಲಿನ ಮೇಲೆ ಕುಸಿದಳು. ಆಮೇಲೆ ಎದ್ದು, ಬಟ್ಟೆ ಕತ್ತರಿಸುವಾಗ ಬಳಸುವ ಮರದ ಗಜಕಡ್ಡಿಯನ್ನು ತೆಗೆದು ಹೆಡ್‌ಮಿಸ್ಸಿನ ಕೋಟನ್ನು ಅಳೆದಳು. ಪುಸ್ತಕದಲ್ಲಿ ಹೊಸದಾಗಿ ಬರೆದ ನಲವತ್ತಕ್ಕೆ ಒಂದು ಗೆರೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೋಟು ಸರಿಯಿದೆ. ಹಾಗಾದರೆ? ಕೊರಳಿನ ಟೇಪನ್ನು ತೆಗೆದು ಗಜಕಡ್ಡಿಯ ಪಕ್ಕದಲ್ಲಿ ಚಾಚಿದಳು. ಗಜಕಡ್ಡಿ ಮೂವತ್ತಾರಕ್ಕೆ ಮುಗಿಯಿತು. ಟೇಪಿನ ಮೂವತ್ತಾರು ಅದನ್ನು ದಾಟಿ ಎರಡು ಇಂಚು ಆಚೆ ಹೋಗಿ ಮಲಗಿತ್ತು.

ತಂಗಿ ಟೇಪನ್ನೆತ್ತಿ ಮೂಸಿ ನೋಡಿದಳು. ಬಿಸಿ ಗಸಿ, ಹಲ್ಲಿನ ಎಳೆತ, ಗೂಟ, ಕತ್ತರಿ, ಎಲ್ಲ ಅವಳ ಕಣ್ಣ ಮುಂದೆ ಬಂದಿರಬೇಕು.

"ಅಕ್ಕಾ, ಗಂಟು ಕುಗ್ಗಿಲ್ಲ ಕಣೇ. ಟೇಪು ಹಿಗ್ಗಿದೆ."

"ಗೊತ್ತಾಯ್ತು."

"ದಿನಾ ಚೂರುಚೂರೇ."

"ಗೊತ್ತಾಯ್ತು ಅಂದ್ನಲ್ಲ!"

ಆ ಸಂಜೆ ಒಲೆ ಹೊತ್ತಲಿಲ್ಲ. ಟೇಪಕ್ಕ ಎಂಟು ಮನೆಯ ಮೆಟ್ಟಿಲು ಹತ್ತಿ, ಎಂಟು ಬಾಗಿಲಲ್ಲಿ ನಿಂತು, "ಊದಿದ್ದು ನೀವಲ್ಲ, ತಪ್ಪಿದ್ದು ನಾನು" ಎಂದು ಹೇಳಿ ಬಂದಳು. ಐದನೆಯ ಮನೆಯಲ್ಲಿ ನಕ್ಕರು. ಆರನೆಯ ಮನೆಗೆ ಅವಳಿಗಿಂತ ಮೊದಲು ಸುದ್ದಿ ತಲುಪಿತ್ತು; ಅಲ್ಲಿ ಬಾಗಿಲು ತೆಗೆದದ್ದೇ ನಗುತ್ತಾ. ಹೆಡ್‌ಮಿಸ್ಸು ಮಾತ್ರ ನಗಲಿಲ್ಲ. "ಇಳಿದಿದ್ದೀನಿ ಅಂತ ಊರಿಗೆಲ್ಲ ಫೋನ್ ಮಾಡಿ ಹೇಳಿದ್ದೀನಲ್ರೀ!" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು.

ಒಳಗೆ ಬಟ್ಟೆ ಧಾರಾಳವಾಗಿ ಬಿಟ್ಟು ಹೊಲಿದಿದ್ದರಿಂದ ಮಾನ ಉಳಿಯಿತು. ಮೂರು ದಿನ ಅಕ್ಕತಂಗಿಯರು ಹೊಲಿಗೆ ಬಿಚ್ಚಿದರು, ಮತ್ತೆ ಹೊಲಿದರು. ಸೊಂಟ ಹಿಡಿಯಿತು, ಕಣ್ಣು ಉರಿಯಿತು. ಎಂಟು ಕೋಟೂ ಸರಿಹೋದವು, ಹಾಡೂ ಆಯಿತು. ಹೊಸ ಟೇಪಿನಲ್ಲಿ ತಂಗಿ ಅಕ್ಕನ ತೋಳನ್ನು ಅಳೆದಳು. ಹದಿಮೂರೂ ಕಾಲು! ಸೂಜಿ, ಕಷಾಯ, ಗಸಿ ಎಲ್ಲ ತಿಂದು ಗಂಟು ಕಾಲು ಇಂಚು ಪುಷ್ಟಿಯಾಗಿತ್ತು.

ವಾರದ ನಂತರ ಟೇಪಕ್ಕ ಸರ್ಜನ್ ಎದುರು ತೋಳು ಚಾಚಿ ಕೂತಿದ್ದಳು.

"ಬಂದ್ರಾ? ಒಳ್ಳೇದು. ಎಷ್ಟು ಬೆಳೆದಿದೆ ಇದು? ನೀವು ಅಳತೆಯವರಲ್ವಾ, ನೀವೇ ಹೇಳಿ, ಬರ್ಕೋತೀನಿ."

ಟೇಪಕ್ಕ ನೆಲ ನೋಡಿದಳು.

"ನೀವೇ ಅಳೆದುಕೊಳ್ಳಿ ಡಾಕ್ಟ್ರೇ. ಅಂಗಡಿಯಲ್ಲಿ ಅಳತೆ ಈಗ ನನ್ನ ತಂಗಿದು. ನನ್ನನ್ನ ಗುಂಡಿ ಹಚ್ಚೋಕೆ ಕೂರಿಸಿದ್ದಾಳೆ. ಅದನ್ನೂ ಎಣಿಸಿ ಕೊಡ್ತಾಳೆ!"