ಫಿಲಿಪೀನ್ಸಿನ ಮನೆಗೆ ಮಳವಳ್ಳಿಯ ಮೇಲ್ವಿಚಾರಣೆ

ಕುವೈತಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಕೋಣೆಯಲ್ಲಿ ಜೊತೆಗಿರುವವಳು ಫಿಲಿಪೀನ್ಸಿನ ಗೆಳತಿ, ಅವಳೂ ನರ್ಸು. ವಿಡಿಯೊ ಕಾಲಿನಲ್ಲಿ ಮಳವಳ್ಳಿಯ ನಮ್ಮವ್ವ. ಗೆಳತಿಗೆ ಕನ್ನಡ ಬಾರದು, ಅವ್ವನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ಮಧ್ಯೆ ಸಿಕ್ಕಿಕೊಂಡ ನನಗೆ ವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ.

ಬರಿದಾದ ಪೆಟ್ಟಿಗೆ

ನಮ್ಮ ಕೋಣೆಯ ಮೂಲೆಯಲ್ಲಿ ಸದಾ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಸಂಬಳವಾದಾಗಲೆಲ್ಲ ಗೆಳತಿ ಅದಕ್ಕೆ ಸೋಪು, ಚಾಕೊಲೇಟು, ಡಬ್ಬಿ ಮಾಂಸ ತುಂಬುತ್ತಾಳೆ. ತುಂಬಿದ ಮೇಲೆ ಹಡಗಿನಲ್ಲಿ ಅವಳ ಊರಿಗೆ. ಹೊರದೇಶಕ್ಕೆ ಹೋದ ಅವರ ಕಡೆಯವರೆಲ್ಲ ಹೀಗೆ ಕಳಿಸಲೇಬೇಕಂತೆ. ನೋಡಿ ನೋಡಿ ನನಗೂ ಹುರುಪು ಬಂತು, ಅವಳಿಂದಲೇ ಒಂದು ಪೆಟ್ಟಿಗೆ ಇಸಿದುಕೊಂಡು, ತುಂಬಿ ಮಳವಳ್ಳಿಗೆ ಕಳಿಸಿದೆ.

ತಲುಪಿದ ದಿನ ವಿಡಿಯೊ ಕಾಲಿನಲ್ಲಿ ನೋಡುತ್ತೇನೆ, ಕೊರಿಯರ್‌ನವನನ್ನು ಜಗಲಿ ಮೇಲೆ ಕೂರಿಸಿ ಅವ್ವ ಅದೇ ಪೆಟ್ಟಿಗೆಗೆ ರಾಗಿ ಹಿಟ್ಟು ತುಂಬುತ್ತಿದ್ದಾಳೆ!

"ಅವ್ವಾ, ಪೆಟ್ಟಿಗೆ ವಾಪಸ್ ಕೊಡಂಗಿಲ್ಲ ಕಣವ್ವ!"

"ಸುಮ್ಕಿರು. ತುಂಬಿ ಕಳಿಸಿದ್ನ ಬರಿದು ಮಾಡಿ ಕಳಿಸಿದ್ರೆ ನಿನ್ ಜೊತೆ ಇರೋ ಆ ಎಣ್ಣು ಏನಂದ್ಕಂಡಾಳು?" ಎಂದವಳೇ ಕೊರಿಯರ್‌ನವನ ಕಡೆ ತಿರುಗಿದಳು. "ಇರ್ಲಾ ಮಗ, ಒಸಿ ಉಳ್ಳಿಕಾಳೂ ಆಕ್ಬುಡ್ತೀನಿ."

ಕೊರಿಯರ್‌ನವನು ಫೋನಿಗೇ ಕೈಮುಗಿದ. "ಅಕ್ಕಾ, ನಿಮ್ಮವ್ವ ನಂಗೂ ಮುದ್ದೆ ಇಕ್ತೀನಿ ಅಂತಾವ್ರೆ. ಬುಡಿಸ್ಕೊಡಿ, ಇನ್ನೂ ಅರ್ಧ ಊರ್ ಸುತ್ಬೇಕು!"

ಪಾಯದ ಕೋಳಿ

ಗೆಳತಿಯ ತಾಯಿ ಇರುವುದು ತಗಡಿನ ಮನೆಯಲ್ಲಿ. ಬಿರುಗಾಳಿ ಬಂದಾಗಲೆಲ್ಲ ತಗಡು ಹಾರಿಹೋಗುತ್ತದೆ. ಈ ಕ್ರಿಸ್‌ಮಸ್ಸಿಗೆ ತಾಯಿಯನ್ನು ಕಾಂಕ್ರೀಟ್ ಮೋಲ್ಡ್ ಹಾಕಿದ ಗಟ್ಟಿ ಮನೆಯಲ್ಲಿ ಕೂರಿಸಬೇಕೆಂಬುದು ಅವಳ ಹಟ. ಅದಕ್ಕೇ ರಜೆಯಿಲ್ಲದೆ ದುಡಿಯುತ್ತಾಳೆ.

ಪಾಯ ಹಾಕಿದ ಸುದ್ದಿ ತಿಳಿದು ಅವ್ವ, "ಕೋಳಿ ಕುಯ್ದ್ರಾ ಕೇಳು" ಅಂದಳು. ನನಗೆ ನಾಚಿಕೆ. ಅವ್ವ ಬಿಡಲಿಲ್ಲ, ಕೇಳಿದೆ. ಗೆಳತಿ ಮಂಚದಿಂದ ಹಾರಿ ಕುಣಿದಳು. "ಹುಂಜ ಕುಯ್ದು ರಕ್ತವನ್ನು ಪಾಯಕ್ಕೇ ಬಿಟ್ಟೆವು! ನಿಮ್ಮಲ್ಲೂ ಉಂಟಾ?"

ಅವ್ವ ತೊಡೆ ತಟ್ಟಿಕೊಂಡಳು. "ಅಂಗಾರೆ ನಮ್ಮೋರೇ ಕಣವ್ವ! ಯಾವ್ ಕಡೆಯೋರು ಇಚಾರ್ಸು, ಮದ್ದೂರ್ ಕಡೆಯೋರಾ?"

ಅವ್ವನ ಆಶೀರ್ವಾದ

ಮನೆ ಕಟ್ಟಿಸುವ ಹೊಣೆ ಗೆಳತಿಯ ತಮ್ಮನದು. ನಾನು ರಜೆಗೆ ಮಳವಳ್ಳಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಅವಳ ಕರೆ ಬಂತು. ಅಳುತ್ತಿದ್ದಳು. ಗೋಡೆ ಎದ್ದು ಎಷ್ಟೋ ಕಾಲವಾದರೂ ತಮ್ಮ ಮೋಲ್ಡ್ ಹಾಕಿಸಿಲ್ಲ. ಕೇಳಿದರೆ ಇವತ್ತು ಮಳೆ, ನಾಳೆ ಮೇಸ್ತ್ರಿ ಇಲ್ಲ. ಕ್ರಿಸ್‌ಮಸ್ ಹತ್ತಿರ ಬಂದೇಬಿಟ್ಟಿದೆ. ಅವನನ್ನೂ ಕರೆಗೆ ಸೇರಿಸಿದಳು. ಪುಣ್ಯಾತ್ಮ ಕಾಳಗದ ಹುಂಜವನ್ನು ತೊಡೆ ಮೇಲಿಟ್ಟುಕೊಂಡು ಸವರುತ್ತಾ ಕೂತಿದ್ದ.

ವಿಷಯ ಕೇಳಿದ್ದೇ ಅವ್ವ ಫೋನ್ ಕಸಿದುಕೊಂಡಳು.

"ಏನ್ಲಾ! ನಿಮ್ಮಕ್ಕ ಅಲ್ಲಿ ನಿದ್ದೆಗೆಟ್ಟು ಗೇದು ಕಳಿಸ್ತಾವ್ಳೆ, ನೀನು ಉಂಜ ಸವರ್ಕಂಡು ಕುಂತಿದ್ದೀಯಾ? ಉಂಡನ್ನಕ್ಕೆ ನಾಚ್ಕೆ ಬ್ಯಾಡ್ವೇನ್ಲಾ? ಮೋಲ್ಡ್ ಬೀಳ್ನಿಲ್ಲ ಅಂದ್ರೆ ನಾನೇ ಅಲ್ಲೀಗ್ ಬತ್ತೀನಿ ಕಣ್ಲಾ, ಆ ಉಂಜನ ಸಾರ್ ಮಾಡಿ ಊರ್ಗೆಲ್ಲಾ ಇಕ್ತೀನಿ!"

ಹುಡುಗ ದಡಕ್ಕನೆ ಎದ್ದು ನಿಂತ. ಹುಂಜ ಕೈತಪ್ಪಿ ಓಡಿತು. "ಅಮ್ಮ ಏನಂದರು?" ಎಂದು ನನ್ನನ್ನು ಮೆಲ್ಲಗೆ ಕೇಳಿದ. ಜಗಳ ಬೇಡವೆಂದು, "ನಿನಗೆ ಆಶೀರ್ವಾದ ಮಾಡಿದರು" ಅಂದೆ.

ಮುಂದಿನ ವಾರವೇ ಮೋಲ್ಡ್ ಬಿತ್ತು! ಸುದ್ದಿ ಹೇಳುತ್ತಾ ಗೆಳತಿ ಕುವೈತಿನಿಂದ ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು. ನಾನೂ ಅವ್ವನೂ ಅಡುಗೆಮನೆಯಲ್ಲೇ ಕುಣಿದೆವು. ಎಷ್ಟು ಖುಷಿಯೆಂದರೆ, ಸ್ವಂತ ಮನೆ ಕಟ್ಟಿದಾಗಲೂ ಅಷ್ಟು ಆಗಿರಲಿಲ್ಲ. ಅಷ್ಟರಲ್ಲಿ ತಮ್ಮನೂ ಕರೆಗೆ ಬಂದ. ಅವರಮ್ಮ ಹೊಸ ಕಂಬ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಫೋನನ್ನು ಪಕ್ಕಕ್ಕೆ ತಿರುಗಿಸಿದ. ಮೇಸ್ತ್ರಿ, ಬಡಗಿ, ಕರೆಂಟಿನವನು, ಎಲ್ಲರೂ ಟೋಪಿ ತೆಗೆದು ತಲೆ ತಗ್ಗಿಸಿ ಸಾಲಾಗಿ ನಿಂತಿದ್ದಾರೆ!

"ಬಾಗಿಲು, ಕಿಟಕಿ, ವೈರಿಂಗು ಇನ್ನೂ ಬಾಕಿ ಇದೆ ಅಕ್ಕಾ. ನಿಮ್ಮಮ್ಮನ ಆಶೀರ್ವಾದಕ್ಕೆ ಬಹಳ ಶಕ್ತಿ. ಅವತ್ತು ನನಗೆ ಮಾಡಿದ್ದನ್ನೇ ಇವರಿಗೂ ಮಾಡಬೇಕಂತೆ" ಅಂದ.

ನಗು ತಡೆದುಕೊಂಡು ಅವ್ವನಿಗೆ ತಿಳಿಸಿದೆ. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಅದ್ಕೇನಂತೆ, ತತ್ತಾ ಇತ್ಲಾಗೆ ಪೋನ. ಯಾರಿಂದ ಸುರು ಮಾಡ್ಲಿ ಕೇಳು."