ತಲೆಬುರುಡೆ ಲೇಬಲ್ಲು ಮತ್ತು ನನ್ನ ಆಸಿಡ್ ವ್ಯಾಪಾರ

ಮೂಡಿಗೆರೆಗೆ ಇಂಟರ್ನೆಟ್ ಅಂಗಡಿ ಬಂದ ಹೊಸತು. ಕಕ್ಕಸು ತೊಳೆಯುವ ಆಸಿಡ್ಡನ್ನು ಬಾಟ್ಲಿಗೆ ತುಂಬಿ, ಕಂಪ್ಯೂಟರಿನಲ್ಲೇ ದೇಶಕ್ಕೆಲ್ಲ ಮಾರುತ್ತೇನೆಂದು ಘೋಷಿಸಿದೆ. ಕಾಫಿ ರೇಟು ನಂಬಿ ಕೂತವರಿಗಿಂತ ನಾನು ಬುದ್ಧಿವಂತ ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಸರಕು ಮಾರಿಕೊಡುವ ವೆಬ್‌ಸೈಟಿನವರು ಮಾತ್ರ ಪಟ್ಟು ಹಿಡಿದರು. ತಲೆಬುರುಡೆ ಚಿತ್ರ, 'ಅಪಾಯ' ಎಂಬ ಕೆಂಪಕ್ಷರ, ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಕುಡಿದರೆ ಎಲ್ಲಿಗೆ ಓಡಬೇಕು, ಎಲ್ಲ ಲೇಬಲ್ಲಿನ ಮೇಲಿರಬೇಕಂತೆ. ಇಲ್ಲದಿದ್ದರೆ ಮಾರಾಟವೇ ಇಲ್ಲವಂತೆ! ಸರಿ, ಊಟ ನಿದ್ದೆ ಬಿಟ್ಟು ಲೇಬಲ್ ಬರೆದೆ. ಬುರುಡೆಗೆ ಹಲ್ಲನ್ನೂ ಬಿಡದೆ ಬರೆಸಿದೆ. ಕೊಟ್ಟಿಗೆಹಾರದ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಸುರಕ್ಷತೆಯ ಉಪನ್ಯಾಸ ಕೊಟ್ಟೆ. ಒಬ್ಬರು ತಮ್ಮ ಸ್ಟಾಪಿಗಿಂತ ಮೊದಲೇ ಇಳಿದುಹೋದರು.

ಆ ಭಾನುವಾರ ನನ್ನ ಹೆಂಡತಿ ಸುಶೀಲಳ ಅಣ್ಣ ಕಳಸದಿಂದ ಬಂದರು. ಭಾವನನ್ನು ಜಗಲಿಯಲ್ಲಿ ಕೂರಿಸಿ, ಲೇಬಲ್ಲನ್ನು ಗಟ್ಟಿಯಾಗಿ ಓದತೊಡಗಿದೆ.

"ಆಹಾರ ಪದಾರ್ಥಗಳಿಂದ ದೂರವಿಡಿ. ಬೇರೆ ಬಾಟ್ಲಿಗೆ ಸುರಿಯಬೇಡಿ..."

ಭಾವನ ಕಣ್ಣು ಲೇಬಲ್ಲಿನ ಮೇಲಿರಲಿಲ್ಲ. ಮೂಲೆಯ ರಮ್ ಬಾಟ್ಲಿಯ ಮೇಲಿತ್ತು! "ನೆಗಡಿ ಆಗಿ ಮೂಗೇ ಕಟ್ಟಿದೆ ಮಾರಾಯ" ಎನ್ನುತ್ತ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡರು. ನಾನು ಕಣ್ಣೆತ್ತದೆ ಓದುತ್ತಲೇ ಇದ್ದೆ.

"ಅಣ್ಣಯ್ಯಾ! ಆಸಿಡ್ಡು ಅದು!"

ಕಾಫಿ ತರುತ್ತಿದ್ದ ಸುಶೀಲ ಓಡಿಬಂದು ಲೋಟಕ್ಕೆ ಹೊಡೆದಳು. ಲೋಟ ಹಾರಿತು. ಸಿಮೆಂಟು ನೆಲ ಬುಸುಬುಸು ನೊರೆ ಕಕ್ಕಿತು. ಭಾವನ ಮುಖ ಸುಣ್ಣದ ಗೋಡೆ. ಒಂದು ಗುಟುಕು ಒಳಗೆ ಹೋಗಿದ್ದರೆ?

"ಅಲ್ರೀ, ಊರಿಗೆಲ್ಲ ಬುರುಡೆ ಅಂಟಿಸ್ತೀರಿ, ಮನೇಲಿ ರಮ್ ಬಾಟ್ಲಿಗೆ ಆಸಿಡ್ ತುಂಬ್ತೀರಾ? ನಿನ್ನೆ ನೀವು ತುಂಬೋದನ್ನ ನಾನು ನೋಡಿದ್ದಕ್ಕೆ ಸರಿಹೋಯ್ತು!"

"ಬಾಟ್ಲಿ ಸಾಲಲಿಲ್ಲ ಕಣೇ. ಇದು ಮನೆ ಖರ್ಚಿಗಲ್ವಾ ಅಂತ..." ಎಂದು ತೊದಲಿದೆ. ಸದರಿ ನಿಯಮಗಳು ಸ್ವಂತ ಮನೆಗೆ ಅನ್ವಯಿಸುವುದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ!

ಸುಶೀಲ ನೀರು ತರಲು ಒಳಗೆ ಹೋದದ್ದೇ ತಡ, ಭಾವ ಚೇತರಿಸಿಕೊಂಡು ನನ್ನ ಕಿವಿಗೆ ಬಾಯಿಟ್ಟರು.

"ಅದರಲ್ಲಿದ್ದ ರಮ್ ಏನು ಮಾಡಿದ್ಯೋ?"

ಆ ಒಂದು ಕೆಲಸವನ್ನು ನಾನು ಜಾಣತನದಿಂದ ಮಾಡಿದ್ದೆ. ಹೆಂಡತಿ ಕೈ ಹಾಕಬಾರದೆಂದು, ಬುರುಡೆ ಲೇಬಲ್ಲಿನ ಹೊಸ ಬಾಟ್ಲಿಗೆ ಸುರಿದು ಬಚ್ಚಲಿನಲ್ಲಿ ಇಟ್ಟಿದ್ದೆ! ಗುಟ್ಟು ಹೇಳಿದೆ. ಭಾವನ ಮುಖಕ್ಕೆ ಬಣ್ಣ ಬಂತು. ಮೆಲ್ಲಗೆ ಎದ್ದೂ ನಿಂತರು.

ಅಷ್ಟರಲ್ಲಿ ಸುಶೀಲ ಬಕೆಟ್ ಹಿಡಿದು ಬಂದಳು.

"ಇನ್ನೊಂದು ವಿಷಯ. ಬಚ್ಚಲಲ್ಲಿ ನಿಮ್ಮ ಆಸಿಡ್ ಬಾಟ್ಲಿ ಇತ್ತಲ್ಲ, ಬೆಳಿಗ್ಗೆ ಪೂರ್ತಿ ಸುರಿದು ಕಕ್ಕಸು ತಿಕ್ಕಿದೆ. ಒಂದು ಕಲೆನೂ ಹೋಗಿಲ್ಲ, ಗಬ್ಬು ವಾಸನೆ ಬೇರೆ! ಇಂಥ ಸರಕನ್ನ ಯಾರ್ರೀ ಕೊಳ್ತಾರೆ?"

ಭಾವ ಕೂತುಬಿಟ್ಟರು. ನಾನು ತಲೆ ತಗ್ಗಿಸಿ, ಸರಕಿನ ಗುಣಮಟ್ಟ ಸುಧಾರಿಸುವುದಾಗಿ ಬಕೆಟ್ ಹಿಡಿದು ನಿಂತ ಗ್ರಾಹಕರಿಗೆ ಮಾತು ಕೊಟ್ಟೆ.