ಅಜ್ಜನ ರಿವಾಲ್ವರಿಗೆ ಹೊಸ ನಿಕ್ಕಲ್

ಗ್ರಂಥಪಾಲಕರಿಗೆ ಇದ್ದದ್ದು ಒಂದೇ ಕೊರಗು. ಅವರು ಥೇಟ್ ಅಜ್ಜನ ಹಾಗೆ ಎಂದು ಇದುವರೆಗೆ ಯಾರೂ ಹೇಳಿರಲಿಲ್ಲ. ಅಜ್ಜನ ರಿವಾಲ್ವರ್ ಮಾತ್ರ ಅವರ ಪಾಲಿಗೆ ಬಂದಿತ್ತು. (ಅದರ ನಳಿಗೆಗೆ ಸರ್ಕಾರದವರು ಎಂದೋ ಸೀಸ ತುಂಬಿ ಬಾಯಿ ಮುಚ್ಚಿಸಿದ್ದರು. ಗ್ರಂಥಪಾಲಕರ ಬಾಯಿಗೆ ಸೀಸ ಬೇಕಿರಲಿಲ್ಲ, ಹೆಂಡತಿಯ ಒಂದು ನೋಟ ಸಾಕಿತ್ತು.) ಮನೆಗೆ ಬಂದವರಿಗೆಲ್ಲ ಅದರ ಸವೆದ ಹಿಡಿಯನ್ನು ತೋರಿಸಿ, "ಅಜ್ಜ ಕಳ್ಳರನ್ನು ಅಟ್ಟಿಸಿಕೊಂಡು ಹೋಗಿ ಹೋಗಿ ಸವೆದದ್ದು" ಎನ್ನುತ್ತಿದ್ದರು. ಕಳ್ಳರ ಸಂಖ್ಯೆ ವರ್ಷಕ್ಕೊಬ್ಬನಂತೆ ಏರಿ ಈಗ ಹದಿನಾಲ್ಕಕ್ಕೆ ಬಂದು ನಿಂತಿತ್ತು.

ಭಾನುವಾರ ಸೋದರತ್ತೆ ಬರುತ್ತಾರೆಂದು ಫೋನು ಬಂತು. ಅಜ್ಜನ ಮಗಳು. 'ಅಜ್ಜನ ಹಾಗೆ' ಎನ್ನುವ ಅಧಿಕಾರ ಈ ಭೂಮಂಡಲದಲ್ಲಿ ಉಳಿದಿರುವುದು ಅವರೊಬ್ಬರಿಗೇ. ರಿವಾಲ್ವರಿಗೆ ಕಾಯಕಲ್ಪ ಮಾಡಿಸುವುದೆಂದು ಗ್ರಂಥಪಾಲಕರು ಅಂದೇ ಘೋಷಿಸಿದರು.

"ಅದು ಇರೋ ಹಾಗೇ ಇರಲಿ ಬಿಡ್ರಿ," ಎಂದಳು ಹೆಂಡತಿ. "ಮೊದಲು ಆ ಗೋಡೆ ಗಡಿಯಾರ ತಗಲಿಹಾಕಿ. ಮೂರು ತಿಂಗಳಿಂದ ಕುರ್ಚಿ ಮೇಲೆ ಕೂತಿದೆ. ಬಂದ ನೆಂಟರು ನಿಂತಿರ್ತಾರೆ."

"ಸುತ್ತಿಗೆ ಎಲ್ಲೂ ಸಿಗ್ತಿಲ್ಲ ಕಣೇ."

"ಹುಡುಕಿದ್ರೆ ತಾನೇ ಸಿಗೋದು."

ಗ್ರಂಥಪಾಲಕರು ರಿವಾಲ್ವರನ್ನು ಮೊದಲು ಹಲ್ಲುಪುಡಿ ಹಾಕಿ ತಿಕ್ಕಿದರು. ಹಲ್ಲುಪುಡಿ ಖಾಲಿಯಾಯಿತೇ ಹೊರತು ಮೆರುಗು ಬರಲಿಲ್ಲ. ಕೊನೆಗೆ ನಲ್ಲಿ, ಬೈಕಿನ ಹ್ಯಾಂಡಲ್ಲುಗಳಿಗೆ ನಿಕ್ಕಲ್ ಹಾಕುವ ಅಂಗಡಿಗೆ ಹೋದರು. ಅಂಗಡಿಯವ ಲೈಸೆನ್ಸ್ ಕಾಗದ ನೋಡಿದ, ಸೀಸ ತುಂಬಿದ ಬಾಯಿ ನೋಡಿದ. ಆಮೇಲೆ ಭೂತಗನ್ನಡಿ ತಂದು ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ನಿಮ್ಮಜ್ಜ ಬಡಗಿನಾ ಸಾರ್?"

"ಶೂರರು."

"ಅಲ್ಲ, ಕೈಯಲ್ಲಿ ಹಿಡಿಯೋ ಕಡೆ ನಿಕ್ಕಲ್ ಹಾಗೇ ಇದೆ. ಸವೆದಿರೋದು ಹಿಡಿಯ ಬುಡ. ನೋಡಿ, ಚುಕ್ಕೆ ಚುಕ್ಕೆ ನೆಗ್ಗು. ಇದರಲ್ಲಿ ಯಾರೋ ಚೆನ್ನಾಗಿ ಮೊಳೆ ಹೊಡೆದಿದ್ದಾರೆ."

ಗ್ರಂಥಪಾಲಕರಿಗೆ ಹದಿನಾಲ್ಕು ಮಂದಿ ಕಳ್ಳರೂ ಒಟ್ಟಿಗೆ ತಪ್ಪಿಸಿಕೊಂಡು ಓಡಿಹೋದಂತಾಯಿತು. ಆಚೀಚೆ ನೋಡಿ, ಗ್ರಂಥಾಲಯದ ದನಿಯಲ್ಲಿ ಪಿಸುಗುಟ್ಟಿದರು: "ಒಂದು ಗುರುತೂ ಉಳೀಬಾರದು. ಎಲ್ಲ ಉಜ್ಜಿ ತೆಗೆದು ದಪ್ಪಗೆ ಹಾಕಿಬಿಡಪ್ಪ."

"ಆಮೇಲೆ ಬೇಕು ಅಂದ್ರೆ ವಾಪಸ್ ಬರಲ್ಲ ಸಾರ್."

"ಬರೋದೇ ಬೇಡ."

ಭಾನುವಾರ ರಿವಾಲ್ವರ್ ಹೊಸ ನಲ್ಲಿಯ ಹಾಗೆ ಥಳಥಳಿಸುತ್ತಿತ್ತು. ಗಡಿಯಾರವನ್ನು ನೆಲಕ್ಕಿಳಿಸಿ ಅತ್ತೆಯನ್ನು ಕೂರಿಸಿದ್ದಾಯಿತು. ಗ್ರಂಥಪಾಲಕರ ಕತೆ ಇನ್ನೂ ಮೊದಲನೆಯ ಕಳ್ಳನ ಹತ್ತಿರವೇ ಇತ್ತು. ಅಷ್ಟರಲ್ಲಿ ಅತ್ತೆ ರಿವಾಲ್ವರನ್ನು ಕೈಗೆ ತೆಗೆದುಕೊಂಡು, ತಲೆಕೆಳಗೆ ಮಾಡಿ, ಹಿಡಿಯ ಬುಡವನ್ನು ಹೆಬ್ಬೆರಳಿನಲ್ಲಿ ಸವರಿದರು.

"ಗುರುತು ಎಲ್ಲೋ?"

"ಯಾವ ಗುರುತು ಅತ್ತೆ?"

"ಅಮ್ಮ ಮೊಳೆ ಹೊಡೆದ ಗುರುತು. ನಮ್ಮ ಹಳೇ ಮನೆಯ ಒಂದೊಂದು ಮೊಳೆನೂ ಅವಳು ಹೊಡೆದದ್ದು ಇದರಲ್ಲೇ. ಅವಳ ಕೈಯ ಗುರುತು ಅಂತ ಉಳಿದಿದ್ದು ಅದೊಂದೇ. ಮುಟ್ಟಿನೋಡೋಣ ಅಂತ ಇಷ್ಟು ದೂರ ಬಂದೆ ಕಣೋ."

ಅತ್ತೆಯ ಕಣ್ಣು ತುಂಬಿಬಂತು. ಗ್ರಂಥಪಾಲಕರಿಗೆ ಭೂಮಿ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನಿಸಿತು. "ತಪ್ಪಾಯ್ತು ಅತ್ತೆ" ಎಂದರು. ಆ ಮಾತಿನಲ್ಲಿ ಒಬ್ಬ ಕಳ್ಳನೂ ಇರಲಿಲ್ಲ.

ಹೆಂಡತಿ ಒಳಗೆ ಹೋದವಳು ಒಂದು ಮೊಳೆ ಹಿಡಿದು ಬಂದಳು.

"ಗುರುತು ತಾನೇ? ಮತ್ತೆ ಮಾಡಿದ್ರಾಯ್ತು. ನೀವೇ ಶುರು ಮಾಡಿ ಅತ್ತೆ. ರೀ, ಮೊಳೆ ಹಿಡ್ಕೊಳ್ಳಿ."

ಅತ್ತೆ ಕಣ್ಣೊರೆಸಿಕೊಂಡು ತೋಳೇರಿಸಿ ಎದ್ದರು. ಗ್ರಂಥಪಾಲಕರು ಎರಡು ಬೆರಳಲ್ಲಿ ಮೊಳೆಯನ್ನು ಗೋಡೆಗೆ ಒತ್ತಿಹಿಡಿದು, ಕಣ್ಣು ಮುಚ್ಚಿ, ಮುಖವನ್ನು ಆಚೆ ತಿರುಗಿಸಿದರು. ಏಟು ಬಿತ್ತು. ಹೊಸ ನಿಕ್ಕಲ್ಲಿನ ಮೇಲೆ ಮೊದಲ ನೆಗ್ಗು ಮೂಡಿತು. ಅತ್ತೆ ಇವರ ಮುಖ ನೋಡಿದವರೇ ಬಿದ್ದು ಬಿದ್ದು ನಗತೊಡಗಿದರು.

"ನೋಡೇ, ಇವನನ್ನ ನೋಡೇ. ಅಪ್ಪ ಮೊಳೆ ಹಿಡೀತಿದ್ದದ್ದೂ ಹೀಗೇ. ಕಣ್ಣು ಮುಚ್ಚಿಕೊಂಡು, ಮುಖ ಆ ಕಡೆ ಮಾಡಿಕೊಂಡು. ಥೇಟ್ ನಮ್ಮಪ್ಪನ ಹಾಗೇ ಕಣೇ ಇವನು."

ನಲವತ್ತೆಂಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಕಣ್ಣು ಬಿಟ್ಟು, ಎದೆ ಉಬ್ಬಿಸಿ ಹಿಗ್ಗಬೇಕೆಂದು ಗ್ರಂಥಪಾಲಕರಿಗೆ ಬಹಳ ಆಸೆಯಾಯಿತು. ಆದರೆ ಅಷ್ಟರಲ್ಲಿ ರಿವಾಲ್ವರ್ ಹೆಂಡತಿಯ ಕೈಗೆ ಹೋಗಿತ್ತು. ಅವರು ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡರು.